ನೀರು ಬರುವ ಹೊತ್ತಿನಲ್ಲಿ ಕೇಳಿದ ಮಾತುಗಳು

ಸಮಾಜಕಾರ್ಯದ ಸ್ನಾತಕೋತ್ತರ ಓದಿನ ನಡುವೆ ಬಂದ ಬೇಸಿಗೆ ರಜೆಯಲ್ಲಿ ನಾನು ಒಂದು ಸ್ವಯಂಸೇವಾ ಸಂಸ್ಥೆಯ ಪರವಾಗಿ ಬೆಂಗಳೂರಿನ ಲಗ್ಗೆರೆಯ ವಠಾರಗಳಲ್ಲಿ ಮನೆಮನೆ ಸುತ್ತಿದೆ. ಸಂತಾನ ನಿಯಂತ್ರಣ, ಮುಟ್ಟಿನ ತೊಂದರೆ, ಬಿಳಿಸೆರಗು, ಹೀಗೆ ಯಾವುದರ ಬಗ್ಗೆ ಸಂಕಟವಿದ್ದರೂ ಕೇಳಿಸಿಕೊಂಡು, ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ತೋರಿಸುವುದು ನನ್ನ ಕೆಲಸವಾಗಿತ್ತು.

ಮೊದಲ ವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಿದ್ದೆ. ಅರ್ಧಕ್ಕರ್ಧ ಬಾಗಿಲುಗಳಿಗೆ ಬೀಗ. ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋದ ಹೆಂಗಸರು ಮರಳುವಾಗ ಕತ್ತಲಾಗಿರುತ್ತಿತ್ತು. ತೆರೆದ ಮನೆಗಳಲ್ಲಿ ಅತ್ತೆಯಂದಿರು ಕೂತಿರುತ್ತಿದ್ದರು. 'ಕುಟುಂಬ ಯೋಜನೆ' ಎಂದು ಬಾಯಿ ತೆರೆದರೆ ಸಾಕು, 'ನಮ್ಮ ಸೊಸೆಗೆ ಆಪರೇಷನ್ ಆಗಿದೆಯಮ್ಮ' ಎಂದು ಮಾತು ಮುಗಿಸುತ್ತಿದ್ದರು. ಹಿಂದೆ ನಿಂತ ಸೊಸೆ ತಲೆ ಎತ್ತುತ್ತಿರಲಿಲ್ಲ.

ಆ ಬೀದಿಯ ಆಶಾ ಕಾರ್ಯಕರ್ತೆ ನನ್ನ ಕೈಯಲ್ಲಿದ್ದ ನಮೂನೆಗಳನ್ನು ನೋಡಿ, 'ಇವನ್ನು ಚೀಲದೊಳಗಿಡಮ್ಮ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಬಾ, ಕೊಡ ಹಿಡಿ' ಎಂದರು. ಹಾಗೆಯೇ ಮಾಡಿದೆ. ಸಂಜೆ, ಭಾನುವಾರ, ಬಿಂದಿಗೆ ತುಂಬುವ ಸದ್ದಿನ ಮರೆಯಲ್ಲಿ ಮಾತು ತಾನಾಗಿ ಬಂತು. ದಿನಕ್ಕೆ ನಲವತ್ತು ಮನೆ ಮುಟ್ಟಬೇಕೆಂದು ಮೇಲಿನವರ ಲೆಕ್ಕ. ನನ್ನಿಂದ ಹತ್ತು ಹನ್ನೆರಡಕ್ಕಿಂತ ಹೆಚ್ಚಾಗಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ.

ರಾಯಚೂರು ಕಡೆಯಿಂದ ಬಂದ ಒಬ್ಬಾಕೆ, ಎರಡು ಮಕ್ಕಳ ತಾಯಿ, 'ಮಾತ್ರೆ ನುಂಗಿದರೂ ಬಸಿರಾಯಿತಕ್ಕ, ಎರಡನೆಯದು ಹಾಗೆಯೇ ಹುಟ್ಟಿದ್ದು' ಎಂದಳು. ಈಗಲೂ ಅದೇ ಮಾತ್ರೆಯೇ ಎಂದು ಕೇಳಿದೆ. ಒಳಗೆ ಹೋಗಿ ತೊಗರಿಬೇಳೆಯ ಡಬ್ಬದಲ್ಲಿ ಕೈಯಾಡಿಸಿ ಮಾಲಾ-ಎನ್ ಪಟ್ಟಿ ತಂದಳು. ಅಲ್ಲೊಂದು ಇಲ್ಲೊಂದು ಗುಳಿ ಖಾಲಿ. ಗಂಡ ಲಾರಿ ಚಾಲಕ, ಅವನು ಮನೆಗೆ ಬಂದ ರಾತ್ರಿ ಮಾತ್ರ ಒಂದು ನುಂಗುತ್ತಿದ್ದಳು. 28 ಮಾತ್ರೆಗಳಲ್ಲಿ 21 ಬಸಿರು ತಡೆಯಲು, ಉಳಿದ ಏಳು ಕಬ್ಬಿಣಾಂಶದವು, ದಿನವೂ ಒಂದರಂತೆ ತಪ್ಪದೆ ನುಂಗಬೇಕು ಎಂದು ಅವಳಿಗೆ ಯಾರೂ ಕೂತು ಹೇಳಿರಲಿಲ್ಲ. ಪಟ್ಟಿಯನ್ನು ಅವಳ ಅಂಗೈಯಲ್ಲೇ ಇಟ್ಟು ಬಾಣದ ಗುರುತು ತೋರಿಸುವಾಗ ನನ್ನ ಗಂಟಲು ಕಟ್ಟಿತು.

ದಿನವೂ ನೆನಪಿಡುವುದು ಕಷ್ಟ ಎಂದಳು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು, ಗರ್ಭಕೋಶದೊಳಗೆ ಇಡುವ ವಂಕಿ, ದಿನವೂ ನುಂಗಬೇಕಿಲ್ಲದ ಛಾಯಾ ಮಾತ್ರೆ, ಎಲ್ಲವನ್ನೂ ಹೇಳಿದೆ. ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋದೆವು. ಪರೀಕ್ಷೆಯಾದ ಮೇಲೆ ಅವಳೇ ಛಾಯಾ ಆರಿಸಿಕೊಂಡಳು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ನರ್ಸಮ್ಮ ಹೇಳಿದ ದಿನಗಳಿಗೆ ಅವಳ ಮನೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟೆವು.

ನನಗೆ ಸಿಟ್ಟು ಬರುವುದು ಇಲ್ಲಿ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಹೊರಟ ನಾಡು ಇದು. ಇಷ್ಟು ವರ್ಷಗಳ ಮೇಲೂ ಭಾರವೆಲ್ಲ ಹೆಂಗಸಿನ ಹೊಟ್ಟೆಯ ಮೇಲೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತರಲ್ಲಿ ಶೇ 37.9ರಷ್ಟು ಮಂದಿ ನೆಚ್ಚಿಕೊಂಡಿದ್ದು ಹೆಂಗಸರ ಶಸ್ತ್ರಚಿಕಿತ್ಸೆಯನ್ನು. ಗಂಡಸರದ್ದು ಶೇ 0.3.

ಕೊನೆಯ ಭಾನುವಾರ ಆ ರಾಯಚೂರಿನಾಕೆಯ ಗಂಡ ಮನೆಯಲ್ಲಿದ್ದರು. ನಾನು ಹೊರಡುವಾಗ ಗೇಟಿನವರೆಗೆ ಬಂದು, ತಗ್ಗಿದ ದನಿಯಲ್ಲಿ, 'ಗಂಡಸರು ಆಪರೇಷನ್ ಮಾಡಿಸಿಕೊಂಡರೆ ಶಕ್ತಿ ಹೋಗುತ್ತದಂತೆ, ಹೌದೇನಮ್ಮ?' ಎಂದರು. ಇಲ್ಲ ಅಣ್ಣ ಎಂದೆ. ಹೊಲಿಗೆ ಇರುವುದಿಲ್ಲ, ಅಂದೇ ಮನೆಗೆ ಬರಬಹುದು, ಒಂದು ವಾರ ಭಾರ ಎತ್ತಬಾರದು, ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಾಗುವವರೆಗೆ ನಿರೋಧ್ ಬಳಸಬೇಕು ಎಂದು ವಿವರಿಸಿದೆ. ಅದೇ ಪ್ರಶ್ನೆಯನ್ನು ಅವರು ಮೂರು ಬಗೆಯಲ್ಲಿ ತಿರುಗಿಸಿ ಕೇಳಿದರು, ಮೂರು ಸಲವೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆರೋಗ್ಯ ಕೇಂದ್ರ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ವಿಚಾರಿಸಿದರು.