ಚರ್ಚಿನ ಕೆಲಸದವರಿಗೆ ನ್ಯಾಯದ ಸಂಬಳ: ನಾವು ಲೆಕ್ಕ ಹಾಕಿದ ಬಗೆ

ನಿಮ್ಮ ಧರ್ಮಕೇಂದ್ರದ ವಾರ್ಷಿಕ ಲೆಕ್ಕಪತ್ರ ತೆರೆದು, ಸಂಬಳ ಯಾವ ಸಾಲಿನಲ್ಲಿ ಕೂತಿದೆ ನೋಡಿ. ನಮ್ಮಲ್ಲಿ ಅದು ‘ನಿರ್ವಹಣೆ ಮತ್ತು ಇತರೆ’ ಅನ್ನುವ ಸಾಲಿನಲ್ಲಿತ್ತು. ಮೇಣದ ಬತ್ತಿ, ಬಲ್ಬು, ಫಿನಾಯಿಲ್, ಗುಡಿಸುವವರ ಸಂಬಳ ಎಲ್ಲಕ್ಕೂ ಸೇರಿ ಒಂದೇ ಮೊತ್ತ. ಫಿನಾಯಿಲ್ ಜೊತೆ ಕೂಡಿಸಿದ ಸಂಬಳ ಒಂದು ಮನೆಗೆ ಸಾಕೋ ಸಾಲದೋ ಎಂಬ ಪ್ರಶ್ನೆ ಸಭೆಯಲ್ಲಿ ಏಳುವುದೇ ಇಲ್ಲ. ಹಾಗಾಗಿ ಮೊದಲು ಆ ಮೊತ್ತವನ್ನು ಒಡೆದು, ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಿದೆವು: ಉಪದೇಶಿ (ಧರ್ಮಪಾಠ ಹೇಳಿಕೊಡುವವರು), ಪೀಠ ಮತ್ತು ಬಾಗಿಲು ನೋಡಿಕೊಳ್ಳುವವರು, ಗುರುನಿವಾಸದ (ಪಾದ್ರಿಗಳ ಮನೆಯ) ಅಡುಗೆಯವರು, ಗುಡಿಸುವವರು, ತೋಟದವರು, ರಾತ್ರಿ ಕಾವಲಿನವರು, ಸಮಾಧಿಗೆ ಗುಂಡಿ ತೋಡುವವರು. ಪ್ರತಿ ಸಾಲಿಗೆ ಐದು ಕಾಲಂ: ಕೆಲಸದ ಗಂಟೆ, ವಾರದ ರಜೆ, ಕೈಗೆ ಸಿಗುವ ಹಣ, ಊಟ–ವಸತಿ, ಮನೆಯಲ್ಲಿ ಅವಲಂಬಿಸಿದವರ ಸಂಖ್ಯೆ.

ಗಂಟೆ ಬರೆಯುವಾಗಲೇ ಮೊದಲ ತಪ್ಪು ಆಗುತ್ತದೆ. ಬೆಳಿಗ್ಗೆ 6ರ ಬಲಿಪೂಜೆಗೆ 5:15ಕ್ಕೆ ಬಾಗಿಲು ತೆಗೆದು, ರಾತ್ರಿ 8ಕ್ಕೆ ಮುಚ್ಚುವವರ ಕೆಲಸ ಕಾಗದದಲ್ಲಿ ‘ಅರ್ಧ ದಿನ’ ಎಂದಿರುತ್ತದೆ. ನಡುವೆ ಬಿಡುವಿದೆ, ನಿಜ. ಆದರೆ ಆ ಹೊತ್ತಿನಲ್ಲಿ ಅವರು ಬೇರೆ ಕಡೆ ದುಡಿಯಲು ಸಾಧ್ಯವೇ? ಒಂದು ಸಾವಿನ ಸುದ್ದಿ ಬಂದರೆ ಗಂಟೆ ಹೊಡೆಯಲು ಓಡಿ ಬರಬೇಕು. ಬಿಟ್ಟು ಹೋಗಲು ನಿಜವಾಗಿ ಸ್ವತಂತ್ರವಿರುವ ಗಂಟೆಗಳನ್ನು ಮಾತ್ರ ಕಳೆದೆವು. ನವದಿನಗಳ ಪ್ರಾರ್ಥನೆ, ಪವಿತ್ರ ವಾರ, ಕ್ರಿಸ್‌ಮಸ್‌ನ ಹೆಚ್ಚುವರಿ ಗಂಟೆ ಬೇರೆಯಾಗಿ ಬರೆದೆವು. ಭಾನುವಾರ ಚರ್ಚಿಗೆ ಬಿಡುವಿಲ್ಲದ ದಿನವಾದ್ದರಿಂದ ವಾರದ ರಜೆ ಸೋಮವಾರ; ಅಂದು ಯಾರು ಬಾಗಿಲು ತೆಗೆಯಬೇಕು ಎಂದು ಬರೆದು ಅಂಟಿಸದಿದ್ದರೆ ಆ ರಜೆ ಎರಡನೇ ವಾರಕ್ಕೇ ಸಾಯುತ್ತದೆ.

‘ಅವರೇ ಒಪ್ಪಿಕೊಂಡು ಬಂದಿದ್ದಾರಲ್ಲ’ ಎಂಬ ಮಾತು ಪ್ರತಿ ಸಮಿತಿಯಲ್ಲೂ ಬರುತ್ತದೆ. ಇದಕ್ಕೆ ಉತ್ತರ 1891ರಲ್ಲೇ ಇದೆ. ಪೋಪ್ ಹದಿಮೂರನೇ ಲಿಯೋ ಅವರ ‘ರೇರುಂ ನೊವಾರುಂ’ ಪರಿಪತ್ರ (ಪೋಪರ ಬೋಧನಾ ಪತ್ರ) ಹೇಳುವುದು ಇಷ್ಟು: ಎರಡೂ ಕಡೆಯವರ ಒಪ್ಪಂದಕ್ಕಿಂತ ಹಳೆಯದಾದ, ಮೇಲಿನದಾದ ಸಹಜ ನ್ಯಾಯವೊಂದಿದೆ, ಮಿತವಾಗಿ ಬಾಳುವ ದುಡಿಮೆಗಾರನ ಜೀವನಕ್ಕೆ ಕೂಲಿ ಸಾಲದಂತಿರಬಾರದು. 1931ರ ‘ಕ್ವಾದ್ರಜೆಸಿಮೊ ಆನ್ನೊ’ ಪರಿಪತ್ರ ಅದನ್ನು ಕುಟುಂಬದ ಜೀವನಕ್ಕೆ ವಿಸ್ತರಿಸಿತು. 1981ರ ‘ಲಬೋರೆಂ ಎಕ್ಸೆರ್ಚೆನ್ಸ್’ನಲ್ಲಿ ಪೋಪ್ ಎರಡನೇ ಜಾನ್ ಪೌಲರು ಇಡೀ ಆರ್ಥಿಕ ವ್ಯವಸ್ಥೆ ನ್ಯಾಯವಾಗಿದೆಯೇ ಎಂದು ನೋಡುವ ಒರೆಗಲ್ಲೇ ಕೂಲಿ ಎಂದರು. ಇವು ಕಾರ್ಖಾನೆಯ ಮಾಲೀಕರಿಗೆ ಹೇಳಿದ ಮಾತು, ನಮಗಲ್ಲ ಎನ್ನುವವರಿಗೆ 1983ರ ಧರ್ಮಸಭಾ ಕಾನೂನಿನ 1286ನೇ ವಿಧಿಯನ್ನು ಓದಿ ಹೇಳಿ. ಚರ್ಚಿನ ಆಸ್ತಿ ನೋಡಿಕೊಳ್ಳುವವರು ದೇಶದ ಕಾರ್ಮಿಕ ಕಾನೂನು ಪಾಲಿಸಬೇಕು, ಕೆಲಸದವರು ತಮ್ಮ ಮತ್ತು ಮನೆಯವರ ಅಗತ್ಯ ಪೂರೈಸಿಕೊಳ್ಳುವಷ್ಟು ಕೊಡಬೇಕು ಎಂದು ಅದು ನೇರವಾಗಿ ವಿಧಿಸುತ್ತದೆ.

ಎಷ್ಟು ಕೊಟ್ಟರೆ ಸಾಕು ಎಂಬ ಅಳತೆಗೋಲು ನಮ್ಮ ದೇಶದಲ್ಲೇ ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 3 ಬಳಕೆ ಘಟಕ ಎಂದಿಟ್ಟಿತು (ದುಡಿಯುವ ಗಂಡನ ಬಳಕೆಯನ್ನು 1 ಎಂದು ಹಿಡಿದರೆ 1 + 0.8 + 0.6 + 0.6). ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಇವುಗಳ ಮೇಲೆ ಒಟ್ಟು ಕೂಲಿಯ ಶೇ. 20 ಉರುವಲು–ದೀಪ ಇತ್ಯಾದಿಗೆ. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪಿನ ಖರ್ಚಿಗೆಂದು ಇನ್ನೂ ಶೇ. 25 ಸೇರಿಸಿತು.

ಆಹಾರದ ತಿಂಗಳ ಪ್ರಮಾಣವನ್ನು ಏಳನೇ ಕೇಂದ್ರ ವೇತನ ಆಯೋಗ ಬಳಸಿದ ಪಟ್ಟಿಯಿಂದ ತೆಗೆದುಕೊಂಡೆವು. ಮೂರು ಘಟಕಕ್ಕೆ ಅಕ್ಕಿ ಅಥವಾ ಗೋಧಿ 42.75 ಕಿಲೋ, ಬೇಳೆ 7.2 ಕಿಲೋ, ಸೊಪ್ಪು–ತರಕಾರಿ ಎಲ್ಲ ಸೇರಿ 27 ಕಿಲೋ, ಹಣ್ಣು 10.8 ಕಿಲೋ, ಹಾಲು 18 ಲೀಟರ್, ಸಕ್ಕರೆ–ಬೆಲ್ಲ 5 ಕಿಲೋ, ಎಣ್ಣೆ 3.6 ಕಿಲೋ, ಮೀನು 2.5 ಕಿಲೋ, ಮಾಂಸ 5 ಕಿಲೋ, ಮೊಟ್ಟೆ 90. ಅಕ್ಕಿಯಲ್ಲಿ ಸ್ವಲ್ಪ ಭಾಗ ರಾಗಿಗೆ ಬದಲಿಸಿದೆವು. ದರವನ್ನು ಕೆಲಸದವರು ನಿಜವಾಗಿ ಕೊಳ್ಳುವ ಸಂತೆ ಮತ್ತು ಎರಡು ಕಿರಾಣಿ ಅಂಗಡಿಯಲ್ಲಿ, ಅವರನ್ನೇ ಜೊತೆಗೆ ಕರೆದುಕೊಂಡು ಬರೆದೆವು; ಮೂರರಲ್ಲಿ ನಡುವಿನ ದರ ಹಿಡಿದೆವು. ಸೂಪರ್ ಮಾರ್ಕೆಟಿನ ರಿಯಾಯಿತಿ ದರ ಬೇಡ, ಅದು ಇಡೀ ತಿಂಗಳ ಸಾಮಾನು ಒಂದೇ ಸಲ ಕೊಳ್ಳಬಲ್ಲವರಿಗೆ.

ಇಲ್ಲಿ ಎರಡು ಒತ್ತಾಯ ಬರುತ್ತವೆ. ಮೀನು–ಮಾಂಸ ಕೈಬಿಡೋಣ ಎನ್ನುವುದು ಒಂದು. ಬಿಡಬೇಡಿ, ಹಬ್ಬದ ದಿನ ಸಮಿತಿಯವರ ಮನೆಯಲ್ಲಿ ಬೇಯುವುದೇ ಅವರ ಮನೆಯಲ್ಲೂ ಬೇಯಬೇಕು. ರೇಷನ್ ಅಕ್ಕಿ ಸಿಗುತ್ತದಲ್ಲ, ಅದನ್ನು ಕಳೆಯೋಣ ಎನ್ನುವುದು ಇನ್ನೊಂದು. ಸರ್ಕಾರ ಬಡವರಿಗೆ ಕೊಡುವುದನ್ನು ಚರ್ಚು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವಂತಿಲ್ಲ. ನಾವು ಕಳೆಯಲಿಲ್ಲ.

ಕೂಡುವ ಕ್ರಮಕ್ಕೆ ಒಂದು ಉದಾಹರಣೆ: ಆಹಾರ 11,000, ಬಟ್ಟೆ 1,000, ಚರ್ಚಿನ ಹತ್ತಿರ ಒಂದು ಕೋಣೆ–ಅಡುಗೆಮನೆಯ ಬಾಡಿಗೆ 5,000 ಎಂದಿಟ್ಟುಕೊಳ್ಳಿ, ಒಟ್ಟು 17,000. ಉರುವಲಿನ ಶೇ. 20 ಅನ್ನುವುದು ಒಟ್ಟು ಕೂಲಿಯ ಪಾಲು. ಆದ್ದರಿಂದ 17,000ವನ್ನು 0.8ರಿಂದ ಭಾಗಿಸಬೇಕು: 21,250. ಬಹಳ ಜನ 1.2ರಿಂದ ಗುಣಿಸಿ 20,400ಕ್ಕೆ ನಿಲ್ಲಿಸುತ್ತಾರೆ. ಅಲ್ಲಿಗೇ ತಿಂಗಳಿಗೆ 850 ರೂಪಾಯಿ ಹೋಯಿತು. 21,250ಕ್ಕೆ ಶೇ. 25 ಸೇರಿಸಿದರೆ 26,562.

ಊಟ–ವಸತಿ ಕೊಡುತ್ತೇವೆ ಎಂದು ಸಂಬಳದಲ್ಲಿ ಕಳೆಯುವುದಾದರೆ ಎಚ್ಚರವಿರಲಿ. ಅಡುಗೆಯವರು ಗುರುನಿವಾಸದಲ್ಲಿ ಉಂಡರೆ ಒಬ್ಬರ ಊಟ ಉಳಿಯಿತು, ಅವರ ಮಕ್ಕಳದ್ದಲ್ಲ. ಆಹಾರದ ಮೊತ್ತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆಯುವಂತಿಲ್ಲ, ರಜೆಯ ದಿನಗಳಿಗೆ ಅದೂ ಇಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಕುಟುಂಬ ಇರಲಾಗದಿದ್ದರೆ ಅದು ಬಾಡಿಗೆಗೆ ಸಮವಲ್ಲ. ಗುಡಿಸುವ ಹೆಂಗಸಿಗೆ ‘ಗಂಡ ದುಡಿಯುತ್ತಾನಲ್ಲ’ ಎಂದು ಕಡಿಮೆ ಮಾಡುವುದನ್ನು ಪೂರ್ತಿ ನಿಲ್ಲಿಸಿದೆವು.

ಒಂದೇ ವರ್ಷದಲ್ಲಿ ಇಷ್ಟು ಏರಿಸಲು ಕಾಣಿಕೆ ಸಾಲದು. 1931ರ ಪರಿಪತ್ರವೇ ಸಂಸ್ಥೆಯ ನಿಜವಾದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಈಗ 14,000 ಕೊಡುತ್ತಿದ್ದರೆ ಅಂತರ 12,562. ಮೊದಲ ವರ್ಷ ಅದರ ಶೇ. 40, ಮುಂದಿನ ಎರಡು ವರ್ಷ ಶೇ. 30ರಂತೆ. ಸರ್ಕಾರದ ಕನಿಷ್ಠ ವೇತನಕ್ಕೆ ಮಾತ್ರ ಕಂತಿಲ್ಲ, ಅದನ್ನು ಮೊದಲ ತಿಂಗಳೇ ಮುಟ್ಟಬೇಕು. ಕರ್ನಾಟಕದಲ್ಲಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುವುದರಿಂದ ನಮ್ಮ ಪಟ್ಟಿಯನ್ನೂ ಅಂದೇ ತಿದ್ದುತ್ತೇವೆ. ಆರ್ಥಿಕ ಸಮಿತಿಯ ಮುಂಗಡಪತ್ರದಲ್ಲಿ ಸಂಬಳವನ್ನು ಮೊದಲ ಸಾಲಿಗೆ ತಂದು, ವಾರ್ಷಿಕ ಹಬ್ಬದ ಬ್ಯಾಂಡು, ದೀಪಾಲಂಕಾರ, ಸಿಡಿಮದ್ದನ್ನು ಕೊನೆಗೆ ಇಟ್ಟೆವು. ಕ್ರಮ ಬದಲಾಯಿಸಿದ್ದರಿಂದಲೇ ಅರ್ಧ ಹಣ ಸಿಕ್ಕಿತು.

ಸಂಬಳದ ಜೊತೆ ಮುಪ್ಪಿಗೂ ಎತ್ತಿಡಬೇಕು. 20 ಜನಕ್ಕಿಂತ ಕಡಿಮೆ ಇದ್ದರೂ ಎರಡೂ ಕಡೆ ಒಪ್ಪಿದರೆ ಭವಿಷ್ಯ ನಿಧಿಗೆ ಸೇರಬಹುದು: ಅವರದು ಶೇ. 10, ನಮ್ಮದು ಶೇ. 10. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕೊಡುವ ಇಡುಗಂಟಿಗೆ) ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಎಂದು ಹಿಡಿದು. ಅಂದರೆ ಪ್ರತಿ ತಿಂಗಳ ಸಂಬಳದ ಶೇ. 4.81. ಅದನ್ನು ಬೇರೆ ಖಾತೆಗೆ ಹಾಕಿ, ಇಲ್ಲದಿದ್ದರೆ ಇಪ್ಪತ್ತು ವರ್ಷ ದುಡಿದವರು ನಿವೃತ್ತರಾಗುವಾಗ ಒಂದು ಶಾಲು, ಒಂದು ಹಾರ ಮಾತ್ರ ಸಿಗುತ್ತದೆ. ಸರ್ಕಾರದ ವಿಮೆಗಳಾದ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ (ಜೀವವಿಮೆ), 20 ರೂಪಾಯಿಯ ಸುರಕ್ಷಾ ಬಿಮಾ (ಅಪಘಾತ ವಿಮೆ) ಎರಡನ್ನೂ ಚರ್ಚೇ ಕಟ್ಟಲಿ.

ಕಾವಲಿನವರದು ಬೇರೆಯೇ ಕಥೆ, ಏಕೆಂದರೆ ಅವರು ಏಜೆನ್ಸಿಯವರು. ಕೂಲಿಯ ಷರತ್ತುಗಳನ್ನು ದೂರದಿಂದ ರೂಪಿಸುವವರನ್ನು 1981ರ ಪರಿಪತ್ರ ‘ಪರೋಕ್ಷ ಉದ್ಯೋಗದಾತ’ ಎಂದು ಕರೆದು, ಅವರ ಹೊಣೆಯನ್ನೂ ಎತ್ತಿ ಹೇಳುತ್ತದೆ. ಬಿಲ್ಲಿನ ಜೊತೆ ಕಾವಲುಗಾರರ ಸಂಬಳ ಚೀಟಿ ಮತ್ತು ಭವಿಷ್ಯ ನಿಧಿಯ ಚಲನ್ ಪ್ರತಿ ಬಂದರೆ ಮಾತ್ರ ಹಣ ಬಿಡುಗಡೆ ಎಂದು ಒಪ್ಪಂದದಲ್ಲಿ ಬರೆಸಿ. ಚಲನ್‌ನಲ್ಲಿ ಅವರ ಯುಎಎನ್ (ಭವಿಷ್ಯ ನಿಧಿಯ ಖಾಯಂ) ಸಂಖ್ಯೆ ಇದೆಯೇ, ಚೀಟಿಯ ಮೊತ್ತವೂ ಬ್ಯಾಂಕಿಗೆ ಬಂದದ್ದೂ ಒಂದೆಯೇ ಎಂದು ಅವರ ಪಾಸ್‌ಬುಕ್ ಇಟ್ಟುಕೊಂಡು ಹೋಲಿಸಿ. ಸಮವಸ್ತ್ರದ ಹೆಸರಿನ ಕಡಿತ, 12 ಗಂಟೆಯ ಪಾಳಿಗೆ 8 ಗಂಟೆಯ ಸಂಬಳ, ಈ ಎರಡು ಅಲ್ಲೇ ಕಣ್ಣಿಗೆ ಬೀಳುತ್ತವೆ.

ಸಂಬಳ ಪ್ರತಿ ತಿಂಗಳ 1ಕ್ಕೆ, ಬ್ಯಾಂಕಿನ ಮೂಲಕ, ಕನ್ನಡದ ಚೀಟಿಯೊಂದಿಗೆ. ಗುಂಡಿ ತೋಡುವವರಿಗೆ ಮಾತ್ರ ಅಂದೇ, ಸಮಾಧಿಯ ಮಣ್ಣು ಮುಚ್ಚಿದ ಕೂಡಲೇ. ದುಡಿದವನ ಕೂಲಿ ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಸತ್ತವರ ಮನೆಯವರು ಕೊಡಲಿ ಎಂದು ಕಾಯಿಸುವುದು ಬೇಡ. ಚರ್ಚಿನ ಕೈಯಿಂದ ಕೊಟ್ಟು, ಅವರ ಹತ್ತಿರ ಆಮೇಲೆ ತೆಗೆದುಕೊಂಡರಾಯಿತು.