ಫ್ರಿಜ್ ಪಕ್ಕದ ಕಡಲಸೊಪ್ಪು

ಬೆಂಗಳೂರು ವಿಜಯನಗರದ ನಮ್ಮ ಮನೆಯಿಂದ ಮಂಗಳೂರಿನ ಕಡಲಿಗೆ ಸುಮಾರು 350 ಕಿಲೋಮೀಟರ್. ಆದರೂ ಅಡುಗೆಮನೆಯ ಫ್ರಿಜ್ ಪಕ್ಕ, 40 ಲೀಟರಿನ ಟ್ಯಾಂಕಿನಲ್ಲಿ ಕಡಲಪಾಚಿ ಬೆಳೆಯುತ್ತಿದೆ. ಅಮ್ಮ ಅದನ್ನು ಕರೆಯೋದು 'ನಿನ್ನ ಸೊಪ್ಪಿನ ಮಡಿ' ಅಂತ. ಮೊದಲು ನಗು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಇದನ್ನು ಸೊಪ್ಪಿನ ಹಾಗೇ ನೋಡಿಕೊಳ್ಳಬೇಕು.

ಮೊದಲು ನೀರು. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೆ ಬಿಳಿ ಕಟ್ಟುವಷ್ಟು ಗಡಸು. ಹಾಗಾಗಿ ಆರ್‌ಒ ನೀರೇ ಬಳಸುತ್ತೇನೆ. ಲೀಟರಿಗೆ 35ರಿಂದ 38 ಗ್ರಾಂ ಕಡಲ ಅಕ್ವೇರಿಯಂನ ಉಪ್ಪು (ಮರೀನ್ ಸಾಲ್ಟ್) ಹಾಕಿ, ಬೇರೆ ಬಕೆಟ್ಟಿನಲ್ಲಿ ಒಂದು ರಾತ್ರಿ ಕಲಕಲು ಬಿಡಿ. ಅಡುಗೆ ಉಪ್ಪು ಬೇಡವೇ ಬೇಡ. ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ 1.025 ಸಾಂದ್ರತೆ ತೋರಿಸಿದರೆ ಸಾಕು.

ನಾನು ಎಡವಿದ್ದು ಇಲ್ಲೇ. ಏಪ್ರಿಲ್‌ನಲ್ಲಿ ಟ್ಯಾಂಕ್ 30 ಡಿಗ್ರಿ ಮುಟ್ಟಿತು. ಮೇಲೆ ಸಣ್ಣ ಕಂಪ್ಯೂಟರ್ ಫ್ಯಾನ್ ಕೂರಿಸಿದೆ, ಬಿಸಿ ಇಳಿಯಿತು, ನೀರೂ ದಿನಕ್ಕೊಂದು ಲೋಟ ಇಳಿಯಿತು. ಇಳಿದಿದ್ದನ್ನು ಉಪ್ಪುನೀರಿನಲ್ಲೇ ತುಂಬಿಸುತ್ತಾ ಹೋದೆ. ಆವಿಯಾಗೋದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತೆ ಅಲ್ವಾ! ತಿಂಗಳಿಗೆ 1.031. ಒಂದು ಬೆಳಿಗ್ಗೆ ನೋಡಿದರೆ ಕಾಲೆರ್ಪಾ ಪಾಚಿ ಗಾಜಿನಂತೆ ಬೆಳ್ಳಗಾಗಿದೆ, ನೀರು ಹಸಿರು ಮಜ್ಜಿಗೆ. ಕಾಲೆರ್ಪಾದ ಒಂದೊಂದು ಗಿಡವೂ ಒಂದೇ ದೊಡ್ಡ ಜೀವಕೋಶ. ತೊಂದರೆಯಾದರೆ ಒಳಗಿರುವುದನ್ನೆಲ್ಲ ಸಂತಾನಕ್ಕೆಂದು ಒಮ್ಮೆಲೇ ನೀರಿಗೆ ಬಿಟ್ಟು ಸತ್ತೇಹೋಗಬಹುದು. ಈಗ ಗಾಜಿನ ಮೇಲೆ ಟೇಪಿನ ಗೆರೆ ಇದೆ. ಗೆರೆಯವರೆಗೆ ಬರೀ ಆರ್‌ಒ ನೀರು, ದಿನಾ.

ಹೊಸಬರು ಕೀಟೊಮಾರ್ಫಾದಿಂದ ಶುರು ಮಾಡಿ. ಪಾತ್ರೆ ಉಜ್ಜುವ ಹಸಿರು ನಾರಿನಂತಿರುತ್ತದೆ, ಬೇರಿಲ್ಲ, ತೇಲುತ್ತದೆ. ಎರಡು ದಿನಕ್ಕೊಮ್ಮೆ ಉಂಡೆಯನ್ನು ತಿರುವಿ ಹಾಕಿ, ಇಲ್ಲದಿದ್ದರೆ ಒಳಗೆ ಬೆಳಕಿಲ್ಲದೆ ಕೊಳೆಯುತ್ತದೆ. ಕೆಂಪು ಬೇಕೆಂದರೆ ಗ್ರಾಸಿಲೇರಿಯಾ. ಹಾಲಿಮೇಡಾ ಚೆಂದ, ಆದರೆ ಕ್ಯಾಲ್ಸಿಯಂ ತಿನ್ನುತ್ತದೆ. ಆಮೇಲೆ ನೋಡಿ.

6500 ಕೆಲ್ವಿನ್, ಅಂದರೆ ಹಗಲಿನಂಥ ಬಿಳಿ ಬೆಳಕಿನ ಎಲ್‌ಇಡಿ, ಟೈಮರ್ ಹಾಕಿ ದಿನಕ್ಕೆ 9 ಗಂಟೆ. ಕಿಟಕಿ ಬಿಸಿಲು ಬೇಡ.

ಜಾಸ್ತಿ ಜನ ಕೊಲ್ಲೋದು ಶುಚಿಯಿಂದ. ನೀರು ಫಳಫಳ ಅನ್ನಲಿ ಅಂತ ನೈಟ್ರೇಟನ್ನು ಸೊನ್ನೆಗೆ ಇಳಿಸುತ್ತಾರೆ. ಗೊಬ್ಬರವಿಲ್ಲದೆ ಯಾವ ಸೊಪ್ಪು ಬೆಳೆಯುತ್ತೆ? ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇರಲಿ, ಫಾಸ್ಫೇಟ್ 0.05ರ ಆಸುಪಾಸು. ನನ್ನ ಗೊಬ್ಬರದ ಕಾರ್ಖಾನೆ ಒಂದೇ ಒಂದು ಗೋಬಿ. ಮಂಚೂರಿಯದ್ದಲ್ಲ, ಬೆರಳುದ್ದದ ಮೀನು. ಮೀನಿಗೆ ವಿಷವಾದ ಅಮೋನಿಯಾ ಸೊನ್ನೆಯಾಗುವವರೆಗೆ, ಅಂದರೆ ಸುಮಾರು ಒಂದು ತಿಂಗಳು ಕಾದು, ಆಮೇಲೆ ಬಿಟ್ಟೆ. ವಾರಕ್ಕೆ ಮೂರು ಲೀಟರ್ ನೀರು ಬದಲಿಸುತ್ತೇನೆ, ಅಷ್ಟೇ.

ಎರಡು ವಾರಕ್ಕೊಮ್ಮೆ ಮೂರನೇ ಒಂದು ಭಾಗ ಕತ್ತರಿಸಿ. ದಂಟಿನ ಸೊಪ್ಪಿನಂತೆ, ಚಿವುಟಿದಷ್ಟೂ ಚಿಗುರುತ್ತದೆ. ಕತ್ತರಿಸಿದ್ದನ್ನು ಮೋರಿಗೋ ಕೆರೆಗೋ ಎಸೆಯಬೇಡಿ, ಕಡಲ ತೀರಕ್ಕಂತೂ ಒಯ್ಯಲೇಬೇಡಿ. 1984ರಲ್ಲಿ ಮೊನಾಕೊ ಬಳಿ ಕಾಣಿಸಿಕೊಂಡ ಅಕ್ವೇರಿಯಂ ಕಾಲೆರ್ಪಾ ಮೆಡಿಟರೇನಿಯನ್ ಕಡಲಿನ ತಳದಲ್ಲಿ ಹಬ್ಬಿಬಿಟ್ಟಿತು. ನಮ್ಮನೆಯಲ್ಲಿ ಅಮ್ಮ ಅದನ್ನು ಮೂರು ನೀರಿನಲ್ಲಿ ತೊಳೆದು, ತಾರಸಿಯಲ್ಲಿ ಗರಿಗರಿಯಾಗಿ ಒಣಗಿಸಿ, ಕರಿಬೇವಿನ ಕುಂಡಕ್ಕೆ ಹಾಕುತ್ತಾರೆ.