ಎಂಜಿಬಿಯ ಹಿಂದಿನ ಡ್ರಮ್ ಬ್ರೇಕ್: ಬಿಚ್ಚಿ, ರಿಪೇರಿ ಮಾಡಿ, ಹೊಂದಿಸುವ ಕ್ರಮ

1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಗೆ ಮುಂದೆ ಡಿಸ್ಕ್ ಬ್ರೇಕ್, ಹಿಂದೆ 10 ಇಂಚಿನ ಡ್ರಮ್ ಬ್ರೇಕ್. ಮುಂದಿನ ಪ್ಯಾಡ್ ಸವೆದಷ್ಟೂ ಪಿಸ್ಟನ್ ತಾನಾಗಿ ಮುಂದೆ ಬಂದು ಸರಿಹೋಗುತ್ತದೆ. ಹಿಂದೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಹಾಗಲ್ಲ, ಸವೆದ ಹಾಗೆಲ್ಲ ಕೈಯಿಂದಲೇ ಹೊಂದಿಸಬೇಕು. ಅದನ್ನು ಮಾಡದೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿ ಕಳಿಸುವುದು ಬೆಂಗಳೂರಿನ ಗ್ಯಾರೇಜುಗಳಲ್ಲಿ ಮಾಮೂಲಾಗಿಬಿಟ್ಟಿದೆ. ಹಿಂದಿನ ಬ್ರೇಕಿನ ಅರ್ಧ ತೊಂದರೆ ಶುರುವಾಗುವುದೇ ಅಲ್ಲಿಂದ.

ಗಾಡಿ ಎತ್ತುವ ಮುಂಚೆ ಪೆಡಲ್ ಏನು ಹೇಳುತ್ತದೆ ಎಂದು ನೋಡುತ್ತೇನೆ. ಮೊದಲ ಸಲ ಒತ್ತಿದಾಗ ಆಳಕ್ಕೆ ಹೋಗಿ, ತಕ್ಷಣ ಎರಡನೇ ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ಸಿಕ್ಕರೆ ಶೂ ಮತ್ತು ಡ್ರಮ್ ನಡುವೆ ಅಂತರ ಹೆಚ್ಚಾಗಿದೆ. ಎಷ್ಟು ಪಂಪ್ ಮಾಡಿದರೂ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಗಟ್ಟಿಯಾಗಿ ನಿಂತ ಪೆಡಲ್ ಕಾಲಿನ ಭಾರಕ್ಕೆ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಪೆಡಲಿನ ಒತ್ತಡವನ್ನು ಫ್ಲೂಯಿಡ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಈ ಮೂರನ್ನೂ ಒಂದೇ ಎಂದುಕೊಂಡು ಬ್ಲೀಡ್ ಮಾಡಲು (ಲೈನಿನ ಗಾಳಿ ಹೊರಬಿಡಲು) ಕೂತರೆ ಫ್ಲೂಯಿಡ್ ಖರ್ಚಾಗುತ್ತದೆ, ಪೆಡಲ್ ಇದ್ದಲ್ಲೇ ಇರುತ್ತದೆ. 1968ಕ್ಕಿಂತ ಹಿಂದಿನ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಹಿಂದಿನ ಒಂದು ವೀಲ್ ಸಿಲಿಂಡರ್ (ಶೂಗಳನ್ನು ಡ್ರಮ್ಮಿಗೆ ತಳ್ಳುವ ಸಿಲಿಂಡರ್) ಪೂರ್ತಿ ಕೈಕೊಟ್ಟರೆ ಮುಂದಿನ ಡಿಸ್ಕಿಗೂ ಒತ್ತಡ ಹೋಗುವುದಿಲ್ಲ. ಹಾಗಾಗಿ ಸಣ್ಣ ಲೀಕನ್ನೂ ನಾಳೆಗೆ ಬಿಡಬೇಡಿ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕುವ ಮಾತೇ ಇಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ. ವೈರ್ ವೀಲ್ (ಕಡ್ಡಿ ಚಕ್ರ) ಇರುವ ಗಾಡಿಯಲ್ಲಿ ನಡುವಿನ ದೊಡ್ಡ ನಟ್ಟನ್ನು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಹೊಡೆದರೆ ಬಿಚ್ಚುತ್ತದೆ. ಎಡಗಡೆ ಮಾಮೂಲಿ ಥ್ರೆಡ್, ಬಲಗಡೆ ಉಲ್ಟಾ ಥ್ರೆಡ್. ಹೊಡೆಯಲು ತಾಮ್ರದ ಸುತ್ತಿಗೆಯೇ ಬೇಕು.

ಡ್ರಮ್ ಬರಲಿಲ್ಲ ಎಂದು ಕಬ್ಬಿಣದ ಸುತ್ತಿಗೆಯಿಂದ ಬಡಿಯಬಾರದು. ಅದು ಎರಕದ ಕಬ್ಬಿಣ, ಬಿರುಕು ಬಿಡುತ್ತದೆ. ಮೊದಲು ಶೂಗಳ ಅಂತರ ಹೊಂದಿಸುವ ಅಡ್ಜಸ್ಟರನ್ನು ಪೂರ್ತಿ ಸಡಿಲ ಮಾಡಿ. ಹಳೆಯ ಡ್ರಮ್ಮಿನ ಒಳಅಂಚಿನಲ್ಲಿ ಸವೆಯದೆ ಉಳಿದ ಏಣು ಇರುತ್ತದೆ, ಶೂ ಅದಕ್ಕೆ ಸಿಕ್ಕಿಕೊಳ್ಳುವುದೇ ಹೆಚ್ಚು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಗಾಡಿಯಾದರೆ ಶೂ ಮೇಲಿನ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ತುಕ್ಕಿಗೆ ಅಂಟಿಕೊಂಡಿರುತ್ತದೆ. ಮರದ ಕೊಡತಿಯಿಂದ ಡ್ರಮ್ಮಿನ ಸುತ್ತಲೂ ಹದವಾಗಿ ತಟ್ಟಿದರೆ ಬಿಡುತ್ತದೆ. ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇದೆ ಎಂದೇ ಲೆಕ್ಕ ಹಿಡಿದು, ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಒಳಗೆ ಒದ್ದೆ ಕಂಡರೆ ಅದು ಯಾವ ಎಣ್ಣೆ ಎಂದು ಗುರುತಿಸಬೇಕು. ಬ್ರೇಕ್ ಫ್ಲೂಯಿಡ್ ತೆಳ್ಳಗಿರುತ್ತದೆ, ನೀರಿನಲ್ಲಿ ತೊಳೆದುಹೋಗುತ್ತದೆ, ಬಣ್ಣವನ್ನು ಉಬ್ಬಿಸಿ ಎಬ್ಬಿಸುತ್ತದೆ. ಆಕ್ಸಲಿನ ಇಪಿ 90 ಗೇರ್ ಎಣ್ಣೆ ಮಂದ, ಗಂಧಕದ ಗಾಟು ವಾಸನೆ, ನೀರಿಗೆ ಜಗ್ಗುವುದಿಲ್ಲ. ಮೊದಲನೆಯದಾದರೆ ತಪ್ಪು ವೀಲ್ ಸಿಲಿಂಡರಿನದು. ಎರಡನೆಯದಾದರೆ ಹಬ್ಬಿನ (ಚಕ್ರದ ನಡುಭಾಗದ) ಆಯಿಲ್ ಸೀಲ್ ಬದಲಿಸಬೇಕು, ಜೊತೆಗೆ ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ತೂತು) ಕಟ್ಟಿಕೊಂಡಿದೆಯೇ, ಎಣ್ಣೆ ಮಟ್ಟ ಮೀರಿ ತುಂಬಿಸಿದ್ದಾರೆಯೇ ನೋಡಬೇಕು. ಬ್ರೀದರ್ ಮುಚ್ಚಿದ್ದರೆ ಆಕ್ಸಲ್ ಬಿಸಿಯಾದಾಗ ಒಳಗಿನ ಒತ್ತಡ ಹೊಸ ಸೀಲನ್ನೂ ದಾಟಿ ಎಣ್ಣೆಯನ್ನು ಡ್ರಮ್ಮಿಗೆ ತಳ್ಳುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವವರಿದ್ದಾರೆ. ಮೇಲ್ಮೈ ಒಣಗಿದಂತೆ ಕಾಣುತ್ತದೆ, ನಾಲ್ಕು ಸಲ ಬಿಸಿಯಾದ ಮೇಲೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬದಲಿಸುವುದೊಂದೇ ದಾರಿ, ಅದೂ ಎರಡೂ ಚಕ್ರದ್ದು ಒಟ್ಟಿಗೆ.

ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿ ನೋಡಿ, ಒಳಗೆ ಒಣಗಿರಬೇಕು. ಪಿಸ್ಟನ್ ತೆಗೆದಾಗ ಬೋರಿನಲ್ಲಿ ಉಗುರಿಗೆ ತಗಲುವ ಗುಂಡಿಗಳಿದ್ದರೆ ಹೋನ್ ಮಾಡಿ (ಉಜ್ಜಿ ನುಣುಪಾಗಿಸಿ) ಹೊಸ ರಬ್ಬರ್ ಹಾಕಿದರೂ ಬಹಳ ದಿನ ನಿಲ್ಲದು. ಹೊಸ ಸಿಲಿಂಡರ್ ತರಿಸಿ, ಇಲ್ಲವೇ ಬೋರಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸಿ. ಪೈಪಿನ ನಟ್ 7/16 ಇಂಚು ಎಎಫ್ (ಎದುರುಬದುರು ಮುಖಗಳ ನಡುವಿನ ಅಳತೆ). 12 ಎಂಎಂ ಸ್ಪಾನರ್ ಹಾಕಿದರೆ ಮೂಲೆ ಉರುಟಾಗುತ್ತದೆ. ಪೈಪ್ ಸ್ಪಾನರ್ ಕೊಂಡಿಟ್ಟುಕೊಳ್ಳಿ. ಸಿಲಿಂಡರನ್ನು ಹಿಡಿಯುವುದು ಬ್ಯಾಕ್ ಪ್ಲೇಟಿನ (ಶೂ, ಸಿಲಿಂಡರ್ ಕೂರುವ ತಗಡಿನ ತಟ್ಟೆಯ) ಹಿಂದೆ ಸಿಲಿಂಡರಿನ ಕುತ್ತಿಗೆಗೆ ಕೂರುವ ಒಂದು ಕ್ಲಿಪ್. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಜಾಗ ಇದೇ. ಮುಂದಿನಿಂದ ಸಿಲಿಂಡರಿಗೂ ಹಬ್ಬಿಗೂ ನಡುವೆ ಮರದ ಬೆಣೆ ಬಿಗಿದು ಅದು ಅಲ್ಲಾಡದಂತೆ ಮಾಡಿ. ಆಮೇಲೆ ಕ್ಲಿಪ್ಪಿನ ಮೂರೂ ಕಡೆ ಸಮನಾಗಿ ಒತ್ತಡ ಬೀಳುವಂಥ ಉದ್ದದ ಸಾಕೆಟ್ ಇಟ್ಟು ಒತ್ತಿದರೆ ಟಕ್ಕೆಂದು ಕುತ್ತಿಗೆಯ ತೋಡಿಗೆ ಕೂರುತ್ತದೆ. ಸ್ಕ್ರೂಡ್ರೈವರಿನಲ್ಲಿ ಒಂದೊಂದೇ ಕಾಲು ಎತ್ತಿ ಕೂರಿಸಿದರೆ ಕ್ಲಿಪ್ ಬಾಗಿ ಹಿಡಿತ ಕಳೆದುಕೊಳ್ಳುತ್ತದೆ. ಬಿಚ್ಚಿದ ಹಳೆಯ ಕ್ಲಿಪ್ ಮತ್ತೆ ಬಳಸಬೇಡಿ.

ಲೈನರ್ ಅಂಟಿಸಿದ್ದಾದರೆ 1.6 ಎಂಎಂಗೆ ಬಂದಾಗ, ರಿವೆಟ್ ಹೊಡೆದಿದ್ದಾದರೆ ರಿವೆಟ್ ತಲೆಯ ಮೇಲೆ 0.8 ಎಂಎಂ ಉಳಿದಾಗ ಬದಲಿಸಿ. ಹೊರಗಿನಿಂದ ತರಿಸುವ ಶೂಗಿಂತ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹಳೆಯ ಶೂಗೆ ಹೊಸ ಲೈನರ್ ಹೊಡೆಸುವುದನ್ನೇ ನಾನು ಇಷ್ಟಪಡುತ್ತೇನೆ. ಮೂಲ ಶೂ ಅಳತೆಗೆ ಸರಿಯಾಗಿ ಕೂರುತ್ತದೆ, ಲೈನರಿನ ಗುಣವನ್ನು ಕಣ್ಣಾರೆ ನೋಡಿ ಆರಿಸಬಹುದು. ಲಾರಿಗೆ ಹಾಕುವ ಗಟ್ಟಿ ಲೈನರ್ ಬೇಡ. ಎಂಜಿಬಿಯ ತೂಕ ಒಂದು ಟನ್ನಿನ ಆಸುಪಾಸು, ಆ ಲೈನರ್ ಕೆಲಸ ಮಾಡುವಷ್ಟು ಬಿಸಿ ಇಲ್ಲಿ ಹುಟ್ಟುವುದೇ ಇಲ್ಲ, ಬ್ರೇಕ್ ಜಾರುತ್ತದೆ. ರಿವೆಟ್ಟನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೊಡೆಯುತ್ತಾ ಹೋಗಬೇಕು. ತುದಿಯಿಂದ ಶುರುಮಾಡಿದರೆ ಲೈನರ್ ನಡುವೆ ಉಬ್ಬುತ್ತದೆ. ಮುಗಿದ ಮೇಲೆ ಶೂಗೂ ಲೈನರಿಗೂ ನಡುವೆ 0.1 ಎಂಎಂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಬಾರದು.

ಡ್ರಮ್ಮಿನಲ್ಲಿ ಗೆರೆ ಬಿದ್ದಿದ್ದರೆ ಅಥವಾ ಅದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಲೇತಿಗೆ ಕೊಡಬೇಕು. ಅಡ್ಡಡ್ಡಲಾಗಿ ನಾಲ್ಕು ಕಡೆ ಒಳ ವ್ಯಾಸ ಅಳೆದು 0.1 ಎಂಎಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪೆಡಲ್ ಕಾಲಿಗೆ ಮಿಡಿಯುತ್ತದೆ. ಲೇತಿನವರಿಗೆ ಎರಡು ಮಾತು ಹೇಳಲೇಬೇಕು. "ಗುರುಗಳೇ, ಹೊರಗಿನ ಅಂಚು ಹಿಡೀಬೇಡಿ, ನಡುವಿನ ತೂತನ್ನ ಸೆಂಟರ್ ಮಾಡ್ಕೊಳ್ಳಿ" ಎನ್ನುವುದು ಮೊದಲನೆಯದು. ಡ್ರಮ್ ಹಬ್ಬಿನ ಮೇಲೆ ಕೂರುವುದು ಆ ತೂತಿನ ಆಧಾರದಲ್ಲಿ. ಎರಡನೆಯದು, "ಗೆರೆ ಹೋಗೋವಷ್ಟೇ ತೆಗೀರಿ." ವ್ಯಾಸದಲ್ಲಿ ಒಟ್ಟು 1 ಎಂಎಂ ಮೀರಿದರೆ ನಾನು ಆ ಡ್ರಮ್ ಬಳಸುವುದಿಲ್ಲ. ಎರಡೂ ಡ್ರಮ್ಮನ್ನು ಒಂದೇ ಅಳತೆಗೆ ತರಿಸಿ.

ಡ್ರಮ್ ದೊಡ್ಡದಾದಾಗ ಶೂವಿನ ಬಾಗು ಅದಕ್ಕೆ ಹೊಂದದೇ ಹೋಗಬಹುದು. ಡ್ರಮ್ಮಿನ ಒಳಗೆ ಸೀಮೆಸುಣ್ಣ ಬಳಿದು ಶೂ ಇಟ್ಟು ಉಜ್ಜಿ. ಗುರುತು ನಡುವೆ ಮಾತ್ರ ಬಿದ್ದರೆ ಶುರುವಿನಲ್ಲಿ ಬ್ರೇಕ್ ಕಡಿಮೆ, ಓಡಿಸುತ್ತಾ ಕೂರುತ್ತದೆ. ಎರಡು ತುದಿಯಲ್ಲಿ ಮಾತ್ರ ಬಿದ್ದರೆ ಶೂ ಡ್ರಮ್ಮನ್ನು ಕಚ್ಚಿಹಿಡಿದು ಚಕ್ರ ಥಟ್ಟನೆ ಲಾಕ್ ಆಗುತ್ತದೆ. ಎರಡನೆಯದು ಅಪಾಯ. ಆ ತುದಿಗಳನ್ನು ಒದ್ದೆ ಮಾಡಿಕೊಂಡು ಉಜ್ಜಿ ಸರಿಮಾಡಿಯೇ ಜೋಡಿಸಬೇಕು.

ಜೋಡಿಸುವಾಗ ಶೂವಿನ ಅಂಚು ತಾಗುವ ಬ್ಯಾಕ್ ಪ್ಲೇಟಿನ ಉಬ್ಬುಗಳಿಗೆ ಬಿಸಿ ತಾಳುವ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಿ. ಅಲ್ಲಿ ಹಳ್ಳ ಬಿದ್ದಿದ್ದರೆ ವೆಲ್ಡ್ ತುಂಬಿಸಿ ಮಟ್ಟ ಮಾಡಿಸಿ, ಇಲ್ಲದಿದ್ದರೆ ಶೂ ಹಳ್ಳದಲ್ಲಿ ಸಿಕ್ಕಿ ವಾಪಸ್ ಬರುವುದಿಲ್ಲ. ರಬ್ಬರಿಗೆ ಮಾತ್ರ ಆ ಗ್ರೀಸ್ ತಾಗಬಾರದು, ಅದಕ್ಕೆ ಬ್ರೇಕ್ ಫ್ಲೂಯಿಡ್ ಅಥವಾ ರಬ್ಬರ್ ಗ್ರೀಸ್. ಸ್ಪ್ರಿಂಗ್‌ಗಳು ಶೂಗೂ ಬ್ಯಾಕ್ ಪ್ಲೇಟಿಗೂ ನಡುವೆ, ಹಿಂದುಗಡೆ ಬರಬೇಕು. ಒಂದು ಕಡೆ ಬಿಚ್ಚುವಾಗ ಇನ್ನೊಂದು ಕಡೆಯನ್ನು ಮುಟ್ಟದೆ ಬಿಟ್ಟರೆ ಯಾವ ಕೊಕ್ಕೆ ಯಾವ ತೂತಿಗೆ ಎಂದು ನೋಡಿಕೊಳ್ಳಲು ಅನುಕೂಲ.

ಅಡ್ಜಸ್ಟರ್ ಪ್ರತಿ ಚಕ್ರಕ್ಕೆ ಒಂದೇ. ಬ್ಯಾಕ್ ಪ್ಲೇಟಿನ ಹಿಂದೆ 1/4 ಇಂಚಿನ ಚೌಕ ತಲೆ ಕಾಣುತ್ತದೆ. ಅದು 6.35 ಎಂಎಂ. 7 ಎಂಎಂ ಸ್ಪಾನರ್ ಹಾಕಿ ಹಾಕಿ ಮೂಲೆ ಸವೆದುಹೋದ ಅಡ್ಜಸ್ಟರ್‌ಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಚೌಕಕ್ಕೆಂದೇ ಮಾಡಿದ ಬ್ರೇಕ್ ಸ್ಪಾನರ್ ಬಳಸಿ. ಒಳಗೆ ಶಂಕುವಿನಾಕಾರದ ಬೆಣೆ ಇದೆ, ತಿರುಗಿಸಿದಂತೆ ಮುಂದೆ ಹೋಗಿ ಎರಡೂ ಶೂಗಳನ್ನು ಅಗಲಿಸುತ್ತದೆ. ಬೆಣೆಯ ಪಟ್ಟೆಗಳಿಂದಾಗಿ ಕ್ಲಿಕ್ ಕ್ಲಿಕ್ ಎಂದು ಕೈಗೆ ತಿಳಿಯುತ್ತದೆ. ಜಾಮ್ ಆಗಿದ್ದರೆ ಬಲ ಹಾಕದೆ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಥ್ರೆಡ್ ಉಜ್ಜಿ, ತಾಮ್ರದ ಗ್ರೀಸ್ ಹಚ್ಚಿ ಸಲೀಸಾಗಿ ತಿರುಗುವ ಹಾಗೆ ಮಾಡಿದ ಮೇಲೆಯೇ ಶೂ ಜೋಡಿಸಿ.

ಹೊಂದಿಸುವ ಮುಂಚೆ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಗಾಡಿಯ ಕೆಳಗಿನ ಹಿತ್ತಾಳೆ ನಟ್ಟಿನ ಹತ್ತಿರ ಪೂರ್ತಿ ಸಡಿಲ ಬಿಡಿ. ಕೇಬಲ್ ಬಿಗಿಯಿದ್ದರೆ ಶೂಗಳು ತಮ್ಮ ಜಾಗಕ್ಕೆ ಹಿಂದಿರುಗುವುದಿಲ್ಲ, ಆ ಸ್ಥಿತಿಯಲ್ಲಿ ಮಾಡಿದ ಅಡ್ಜಸ್ಟ್‌ಮೆಂಟ್ ಎಲ್ಲ ಸುಳ್ಳು. ಅಡ್ಜಸ್ಟರನ್ನು ಬ್ಯಾಕ್ ಪ್ಲೇಟಿನ ಹಿಂದಿನಿಂದ ನೋಡಿದಂತೆ ಬಲಕ್ಕೆ ತಿರುಗಿಸುತ್ತಾ ಚಕ್ರ ಲಾಕ್ ಆಗುವವರೆಗೆ ಬಿಗಿ ಮಾಡಿ. ಪೆಡಲನ್ನು ಎರಡು ಮೂರು ಸಲ ಜೋರಾಗಿ ಒತ್ತಿ ಬಿಡಿ, ಶೂಗಳು ನಡುವಿಗೆ ಬಂದು ಕೂರುತ್ತವೆ. ಮತ್ತೆ ತಿರುಗಿಸಿದರೆ ಸಾಮಾನ್ಯವಾಗಿ ಇನ್ನೊಂದು ಕ್ಲಿಕ್ ಸಿಗುತ್ತದೆ. ಚಕ್ರ ಗಟ್ಟಿಯಾದ ಮೇಲೆ ಒಂದೇ ಕ್ಲಿಕ್ ಹಿಂದಕ್ಕೆ. ಈಗ ಚಕ್ರ ಕೈಯಿಂದ ಸಲೀಸಾಗಿ ತಿರುಗಬೇಕು, ಹಗುರಾಗಿ ಸವರುವ ಸದ್ದು ಬಂದರೆ ಪರವಾಗಿಲ್ಲ. ಸುತ್ತಿನಲ್ಲಿ ಒಂದೇ ಜಾಗದಲ್ಲಿ ಹಿಡಿದರೆ ಡ್ರಮ್ ಸೊಟ್ಟ ಇದೆ. ಚಕ್ರ ತಿರುಗಿಸುವಾಗ ಡಿಫರೆನ್ಷಿಯಲ್ಲಿನ ಎಳೆತವೂ ಕೈಗೆ ಬರುತ್ತದೆ, ಅದನ್ನು ಬ್ರೇಕ್ ಹಿಡಿತ ಎಂದುಕೊಂಡು ಸಡಿಲ ಮಾಡುತ್ತಾ ಹೋಗಬೇಡಿ.

ಸಿಲಿಂಡರ್ ಬಿಚ್ಚಿದ್ದರೆ ಬ್ಲೀಡ್ ಮಾಡುವಾಗ ಎರಡೂ ಅಡ್ಜಸ್ಟರನ್ನು ಲಾಕ್ ಆಗುವಷ್ಟು ಬಿಗಿ ಇಟ್ಟುಕೊಳ್ಳುತ್ತೇನೆ. ಪಿಸ್ಟನ್ ಓಡಾಟ ಕಡಿಮೆಯಾಗಿ ಗಾಳಿ ಬೇಗ ಹೊರಡುತ್ತದೆ. ಬಲಗಡೆ ಸ್ಟಿಯರಿಂಗ್ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿಗೆ ದೂರದ್ದು ಎಡ ಹಿಂದಿನ ಚಕ್ರ, ಅಲ್ಲಿಂದ ಶುರುಮಾಡಿ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ, ನೀರಿನ ಅಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಸೀಲ್ ತೆಗೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದನ್ನು ಹಾಕಬೇಡಿ, ಸಿಲಿಕಾನಿನ ಡಾಟ್ 5 ಜೊತೆ ಬೆರೆಸಬೇಡಿ.

ಹ್ಯಾಂಡ್‌ಬ್ರೇಕ್ ಕೊನೆಗೆ. ಕೇಬಲ್ಲಿನ ಗ್ರೀಸ್ ನಿಪ್ಪಲ್ಲಿಗೆ ಗ್ರೀಸ್ ಹೊಡೆದು, ಲಿವರಿನ ಮೂರು ನಾಲ್ಕು ಹಲ್ಲಿಗೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಹಾಗೆ ಹಿತ್ತಾಳೆ ನಟ್ ತಿರುಗಿಸಿ. ಲಿವರ್ ಇಳಿಸಿದಾಗ ಎರಡೂ ಚಕ್ರ ಮೊದಲಿನಷ್ಟೇ ಸಲೀಸಾಗಿ ತಿರುಗಬೇಕು.

ಪರೀಕ್ಷೆಗೆ ಓಡಾಟವಿಲ್ಲದ ಬಡಾವಣೆಯ ನೇರ ರಸ್ತೆ ಸಾಕು. 30 ಕಿ.ಮೀ. ವೇಗದಿಂದ ಶುರುಮಾಡಿ, ಹದವಾಗಿ ಒತ್ತಿ ನಿಲ್ಲಿಸುತ್ತಾ ನಿಧಾನಕ್ಕೆ 60ಕ್ಕೆ ಏರಿಸಿ. ನಡುವೆ ಡ್ರಮ್ ತಣಿಯಲು ಬಿಡಿ. ಆಮೇಲೆ ಬ್ರೇಕ್ ಮುಟ್ಟದೆ ಎರಡು ಮೂರು ಕಿ.ಮೀ. ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಎರಡೂ ಡ್ರಮ್ ನೋಡಿ. ಒಂದು ಇನ್ನೊಂದಕ್ಕಿಂತ 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಆ ಕಡೆ ಶೂ ಸವರುತ್ತಿದೆ. ಸಿಲ್ಕ್ ಬೋರ್ಡ್ ಕಡೆಯ ಸಂಜೆ ಟ್ರಾಫಿಕ್ಕಿನಲ್ಲಿ, ನಂದಿ ಬೆಟ್ಟದ ಇಳಿಜಾರಿನಲ್ಲಿ ಅದೇ ಶೂ ಮೊದಲು ಸುಡುತ್ತದೆ. ಹೊಸ ಲೈನರ್ 300ರಿಂದ 500 ಕಿ.ಮೀ. ಓಡಿದ ಮೇಲೆ ಡ್ರಮ್ಮಿಗೆ ಕೂತು ಅಂತರ ಮತ್ತೆ ಹೆಚ್ಚುತ್ತದೆ. ಆಗ ಕೇಬಲ್ ಸಡಿಲಿಸಿ, ಲಾಕ್ ಮಾಡಿ, ಒಂದು ಕ್ಲಿಕ್ ಹಿಂದೆ ಬಿಟ್ಟು ಇನ್ನೊಮ್ಮೆ ಹೊಂದಿಸಿ. ಮುಂದೆ 5,000 ಕಿ.ಮೀ.ಗೊಮ್ಮೆ ನೋಡಿದರೆ ಸಾಕು.